ಒಂಬತ್ತನೇ ಸಾಲು, ನಾಲ್ಕನೇ ಗೂಡು

ಕೊಳದ ಕೋಣೆಗೆ ಹೋಗುವ ಮುಂಚೆ ಒಂದು ಮರದ ಬೆಂಚು ದಾಟಬೇಕು. ಬೆಂಚಿನ ಈಚೆಗೆ ಹೊರಗಿನ ಚಪ್ಪಲಿ, ಆಚೆಗೆ ಒಳಗಿನ ಬೂಟು. ಹೊರಗಿನ ಕಾಲು ಒಳಗಿನ ನೆಲಕ್ಕೆ ಸೋಕುವ ಹಾಗಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಇಂಥ ಬೆಂಚುಗಳನ್ನು ಎಷ್ಟು ದಾಟಿದ್ದಳೋ ಆಕೆಗೇ ಲೆಕ್ಕವಿಲ್ಲ. ಮೊದಮೊದಲು ಕುಂಟಾಟದ ಗೆರೆ ದಾಟಿದ ಹಾಗೆ ದಾಟುತ್ತಿದ್ದವಳು, ಈಗ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಆಚೆ ಇಟ್ಟು, ಉಸಿರು ಬಿಟ್ಟು, ಆಮೇಲೆ ಇನ್ನೊಂದನ್ನು ಎತ್ತುತ್ತಾಳೆ.

ಆಚೆ ಬದಿಯಲ್ಲಿ ಕೊಳದ ಯಜಮಾನ ದಾರದ ಉಂಡೆ ಹಿಡಿದು ಕಾದಿದ್ದ. ಅವನ ಹುದ್ದೆಗೆ ಬೇರೆ ಏನೋ ಉದ್ದದ ಹೆಸರಿದೆ. ಆದರೆ ಆ ಅಣುವಿದ್ಯುತ್ ಸ್ಥಾವರದಲ್ಲಿ ಎಲ್ಲರ ಬಾಯಲ್ಲೂ ಅವನು ಕೊಳದ ಯಜಮಾನ. ಉರಿಸಿ ಮುಗಿಸಿದ ಇಂಧನವನ್ನು ಮುಳುಗಿಸಿಡುವ ಆ ಆಳದ ಕೊಳವನ್ನು ಹನ್ನೊಂದು ವರ್ಷದಿಂದ ಅವನೇ ನೋಡಿಕೊಳ್ಳುತ್ತಿದ್ದ. ಒಂದು ತಿರುಪು ಜಾರಿ ಒಳಗೆ ಬಿದ್ದರೂ ಅವನಿಗೆ ಊಟ ಸೇರುವುದಿಲ್ಲ.

"ಕನ್ನಡಕ?" ಎಂದು ಕೇಳಿದ.

"ಕಟ್ಟಿದೀನಿ."

"ಪೆನ್ನು?"

"ಅದಕ್ಕೂ ದಾರ ಇದೆ ನೋಡು."

"ಉಂಗುರ?"

ಆಕೆ ಎಡಗೈ ಚಾಚಿದಳು. ಅವನು ಉಂಗುರದ ಮೇಲೆ ಅಂಟುಪಟ್ಟಿ ಸುತ್ತಿದ. "ಭಾವ ಕೊಟ್ಟಿದ್ದು ನಮ್ಮ ನೀರಿಗೆ ಬಿದ್ರೆ ಆಮೇಲೆ ಅವರಿಗೆ ನಾನು ಜವಾಬು ಹೇಳ್ಬೇಕು ಅಕ್ಕಾ."

"ಬಿದ್ರೆ ಅವರೇ ಮುಳುಗಿ ಹುಡುಕ್ತಾರೆ ಬಿಡು. ಮನೇಲಿ ಸುಮ್ನೆ ಕೂತಿದಾರೆ."

ಹಿಂದೆ ಬಾಗಿಲ ಸದ್ದಾಯಿತು. ಯಜಮಾನ ಥಟ್ಟನೆ ನೆಟ್ಟಗಾದ. "ಎಲ್ಲ ಸರಿಯಿದೆ ಮೇಡಂ," ಎಂದ. ಯಾರೂ ಇಲ್ಲದಾಗ ಆಕೆ ಅವನಿಗೆ ಅಕ್ಕ. ಇನ್ನೊಬ್ಬರು ಬಂದರೆ ಮೇಡಂ. ಎಣಿಸಲು ಬಂದವರ ಜೊತೆ ಎಣಿಸಿಕೊಳ್ಳುವವರು ಸಲಿಗೆಯಿಂದ ಇರಬಾರದು ಎಂಬುದು ಇಬ್ಬರಿಗೂ ಗೊತ್ತಿತ್ತು. ಸ್ಥಾವರದ ಬೇರೆ ಕೆಲಸಗಾರರು ಹಿಂದಿನಿಂದ ಆಕೆಯನ್ನು ಎಣಿಕೆಯಮ್ಮ ಅನ್ನುತ್ತಿದ್ದರು. ಅದೂ ಆಕೆಗೆ ಗೊತ್ತಿತ್ತು.

ಬಂದವನು ಅವಳ ಜೊತೆಯ ಇನ್ಸ್‌ಪೆಕ್ಟರ್. ನಲವತ್ತು ದಾಟಿದವನು. ಹದಿನೈದು ವರ್ಷ ಕಚೇರಿಯ ಮೇಜಿನ ಹಿಂದೆ ಕೂತು ಇನ್ಸ್‌ಪೆಕ್ಟರುಗಳು ಕಳಿಸಿದ ವರದಿಗಳನ್ನು ಓದುತ್ತಿದ್ದ; ಈ ವರ್ಷವಷ್ಟೇ ಹೊರಗಿನ ಕೆಲಸಕ್ಕೆ ಬಂದಿದ್ದ. ಏನು ಕೇಳಿದರೂ ಪಾಠ ಶುರು ಮಾಡುತ್ತಾನೆ ಎಂದು ಆಕೆ ಅವನಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಅವನು ಅದಕ್ಕೆ ಬೇಜಾರು ಮಾಡಿಕೊಂಡಿರಲಿಲ್ಲ.

ಅವರ ಕಚೇರಿ ಯಾವ ಒಂದು ಸರ್ಕಾರಕ್ಕೂ ಸೇರಿದ್ದಲ್ಲ. ನಾನು ಬಾಂಬು ಮಾಡುವುದಿಲ್ಲ, ಬೇಕಾದರೆ ಬಂದು ನೋಡಿ ಎಂದು ಹಲವು ಸರ್ಕಾರಗಳು ಸೇರಿ ಒಪ್ಪಿಕೊಂಡು ಕಟ್ಟಿದ ಕಚೇರಿ. ಬಂದು ನೋಡುವ ಕೆಲಸ ಇವರದು. ಹೋದ ಸಲ ಇದ್ದದ್ದೆಲ್ಲ ಈ ಸಲವೂ ಇದೆಯೇ, ಇದ್ದಲ್ಲೇ ಇದೆಯೇ ಎಂದು ನೋಡಿ, ಬರೆದು, ಸಹಿ ಮಾಡಿ ಹೋಗುವುದು. ಕೇಳಿದವರು ಭಾರೀ ಕೆಲಸ ಎಂದುಕೊಳ್ಳುತ್ತಾರೆ. ಮಾಡುವವರಿಗೆ ಕಾಲುನೋವು, ಬಸ್ಸು, ವಿಮಾನ, ಗೆಸ್ಟ್‌ಹೌಸಿನ ತೆಳ್ಳನೆಯ ಹಾಸಿಗೆ.

ಆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಂಡ ಫೋನು ಮಾಡಿದ್ದ.

"ಡಾಕ್ಟರು ಮತ್ತೆ ಕೇಳಿದ್ರು ಕಣೇ. ಯಾವತ್ತು ಅಂತ ಹೇಳ್ಲಿ?"

"ಈ ಸುತ್ತು ಮುಗೀಲಿ."

"ಹೋದ ಸುತ್ತಲ್ಲೂ ಅದನ್ನೇ ಅಂದೆ. ಮನೇಲಿ ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಡಬ್ಬ ಮೂಸಿ ನೋಡ್ತೀಯ. ಅಲ್ಲಿ ಹೋಗಿ ಊರವರ ಅಣು ಎಣಿಸ್ತೀಯ."

"ಅಣು ಮೂಸಬೇಕಾಗಿಲ್ಲ ರೀ. ಇಡ್ತೀನಿ," ಎಂದು ಆಕೆ ಫೋನಿಟ್ಟಿದ್ದಳು.

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿ ಒಂದು ವರ್ಷವಾಗಿತ್ತು. ಎಡಗಣ್ಣಿಗೆ ಹೆಚ್ಚು. ಆಪರೇಷನ್ ದೊಡ್ಡದೇನಲ್ಲ ಎಂದಿದ್ದರು. ಆದರೆ ಆಮೇಲೆ ಕೆಲವು ತಿಂಗಳು ಕಚೇರಿ ಹೊರಗೆ ಕಳಿಸುವುದಿಲ್ಲ, ಮೇಜಿಗೆ ಕೂರಿಸುತ್ತಾರೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದವಳು ಮೇಜಿಗೆ ಕೂತರೆ ಅಲ್ಲಿಂದಲೇ ಮನೆಗೆ. ಹಾಗಾಗಬಾರದು ಎಂದು ಮುಂದೂಡಿದ್ದಳು. ಕಚೇರಿಯ ವಾರ್ಷಿಕ ತಪಾಸಣೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದ್ದಳು. ಅದೇ ಹಾಳೆ ಹತ್ತು ವರ್ಷದಿಂದ ಅಲ್ಲಿ ನೇತಾಡುತ್ತಿತ್ತು; ಬಾಯಿಪಾಠವಾಗಿತ್ತು. ಮೋಸ ಮಾಡಬೇಕೆಂದು ಓದಿದ್ದಲ್ಲ. ಬಾಯಿ ತಾನಾಗಿ ಓದಿತು, ಆಕೆ ತಡೆಯಲಿಲ್ಲ, ಅಷ್ಟೆ.

ಮೂವರೂ ಕೊಳದ ಮೇಲಿನ ಓಡುಸೇತುವೆ ಹತ್ತಿದರು. ಹಳಿಯ ಮೇಲೆ ಆಚೀಚೆ ಓಡಾಡುವ ಕಬ್ಬಿಣದ ಸೇತುವೆ ಅದು. ಯಜಮಾನ ಸನ್ನೆಯ ಹಿಡಿ ಹಿಡಿದ. ಮೇಷ್ಟ್ರು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಪುಟ್ಟ ಕೆಂಪು ಟಾರ್ಚು ಹೊತ್ತಿಸಿದ. ಕೋಣೆಯ ದೀಪಗಳು ಒಂದೊಂದಾಗಿ ಆರಿದವು. ಕಿಟಕಿಯಿಲ್ಲದ ಆ ದೊಡ್ಡ ಕೋಣೆಯಲ್ಲಿ ಹಾಡುಹಗಲೇ ಕತ್ತಲು ಕವಿಯಿತು. ಕೆಳಗೆ ನೀರಿನಡಿ ಬೆಳಕು ಮೆಲ್ಲಗೆ ಎದ್ದಿತು.

ಉರಿದು ಮುಗಿದ ಇಂಧನದ ಕಂತೆಗಳು ನೀರಿನಲ್ಲಿ ತಾವಾಗಿ ಬೆಳಗುತ್ತವೆ. ಬರಿಗಣ್ಣಿಗೆ ನಸುನೀಲಿ. ಇವರು ಕೊರಳಿಗೆ ತೂಗುಹಾಕಿಕೊಂಡು ಬರುವ ದುರ್ಬೀನಿನಲ್ಲಿ ಅದೇ ಹಸಿರಾಗಿ, ಹೆಚ್ಚಾಗಿ ಕಾಣುತ್ತದೆ. ಕೊಳದ ತಳದಲ್ಲಿ ಇಪ್ಪತ್ತೆರಡು ಸಾಲು, ಸಾಲಿಗೆ ಹನ್ನೆರಡು ಗೂಡು, ಗೂಡಿಗೊಂದು ಕಂತೆ. ಬಾಂಬಿಗೆಂದು ಯಾರಾದರೂ ಒಂದನ್ನು ಕದ್ದು ಅದರ ಜಾಗದಲ್ಲಿ ಬರೀ ಕಬ್ಬಿಣದ ಡಮ್ಮಿ ಇಟ್ಟರೆ, ಮೇಲಿಂದ ನೋಡಿದವರಿಗೆ ವ್ಯತ್ಯಾಸ ಸುಲಭಕ್ಕೆ ತಿಳಿಯದು. ಅಕ್ಕಪಕ್ಕದ ಕಂತೆಗಳ ಬೆಳಕು ಅದರ ಮೇಲೂ ಬಿದ್ದು ಅದೂ ಬೆಳಗಿದಂತೆ ಇರುತ್ತದೆ. ಕಂಡುಹಿಡಿಯುವ ಉಪಾಯ ಒಂದೇ. ನೆಟ್ಟಗೆ ಮೇಲೆ ನಿಂತು ನೋಡಬೇಕು, ಆಮೇಲೆ ಸ್ವಲ್ಪ ಪಕ್ಕಕ್ಕೆ ವಾಲಬೇಕು. ಒಳಗಿಂದ ಬರುವ ಬೆಳಕಾದರೆ ವಾಲಿದ ಕೂಡಲೇ ಬಾವಿಯೊಳಗಿನ ದೀಪದ ಹಾಗೆ ಮರೆಯಾಗುತ್ತದೆ. ಎರವಲು ಬೆಳಕಾದರೆ ಮಂಕಾಗಿ ಹಾಗೇ ನಿಂತಿರುತ್ತದೆ.

ಈ ವಾಲುವಿಕೆಯಲ್ಲಿ ಎಣಿಕೆಯಮ್ಮನದು ಎತ್ತಿದ ಕೈ. ಹೊಸಬರಿಗೆಲ್ಲ ಆಕೆಯೇ ಕಲಿಸಿದ್ದು. ಸ್ಥಾವರದವರು ಕೊಟ್ಟ ಪಟ್ಟಿಯನ್ನು ನೋಡುವವರು ಮೊದಲೇ ನೋಡಬಾರದು, ನೋಡಿದರೆ ಕಣ್ಣು ಪಟ್ಟಿ ಹೇಳಿದ ಹಾಗೇ ಕಾಣುತ್ತದೆ ಎಂಬುದೂ ಆಕೆಯದೇ ಕಟ್ಟಳೆ. ನಿಯಮದ ಪ್ರಕಾರ ಒಬ್ಬರು ನೋಡಿ ಮುಗಿಸಿದ ಮೇಲೆ ಇನ್ನೊಬ್ಬರು ಮತ್ತೆ ಎಲ್ಲವನ್ನೂ ನೋಡಬೇಕು. ಅದು ಎರಡು ದಿನದ ಕೆಲಸ. ಆಕೆಯ ಜೊತೆ ಬಂದವರು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಎಣಿಕೆಯಮ್ಮ ನೋಡಿದ ಮೇಲೆ ಇನ್ನೇನು ಎಂದು ಆಕೆ ಕೂಗಿದ್ದನ್ನು ಬರೆದುಕೊಂಡು ಸಹಿ ಹಾಕುತ್ತಿದ್ದರು. ಆಕೆಯೂ ಬೇಡ ಅಂದವಳಲ್ಲ. ಬೇಗ ಮುಗಿದರೆ ಕಾಲು ಚಾಚಬಹುದಲ್ಲ.

"ಒಂದು, ಒಂದು," ಎಂದ ಮೇಷ್ಟ್ರು.

ಬಾಗಿದಳು. ಹಸಿರು ಮಂಜು. ವಾಲಿದಳು. "ಇದೆ."

"ಒಂದು, ಎರಡು."

"ಇದೆ."

ಹೀಗೇ ಸಾಗಿತು. ಪೆನ್ನಿನ ಸದ್ದು, ಸೇತುವೆಯ ಮೋಟಾರಿನ ಗುಂಯ್, ಮತ್ತೆ ಪೆನ್ನಿನ ಸದ್ದು. ಐದನೇ ಸಾಲಿಗೆ ಸೊಂಟ ಹಿಡಿದುಕೊಂಡಿತು. ಏಳನೇ ಸಾಲಿಗೆ ಬಾಗುವುದು, ವಾಲುವುದು, ಇದೆ ಅನ್ನುವುದು ಮೂರೂ ಒಂದೇ ಕೆಲಸದ ಹಾಗಾಯಿತು. ಮಂಜಿನ ಒಳಗೆ ಇನ್ನೊಂದು ಮಂಜು ಇದೆಯೋ ಇಲ್ಲವೋ ಎಂದು ಹುಡುಕುವುದನ್ನು ಕಣ್ಣು ಎಲ್ಲೋ ಬಿಟ್ಟುಬಿಟ್ಟಿತ್ತು. ಹಾಗೆ ಬಿಟ್ಟದ್ದು ಆಕೆಗೆ ಗೊತ್ತಾಗಲೇ ಇಲ್ಲ.

"ಒಂಬತ್ತು, ನಾಲ್ಕು."

"ಇದೆ."

ಪೆನ್ನಿನ ಸದ್ದು ಬರಲಿಲ್ಲ.

"ಇದೆ ಅಂದೆ ಮೇಷ್ಟ್ರೇ."

"ಇನ್ನೊಂದ್ಸಲ ನೋಡ್ತೀರಾ ಮೇಡಂ?"

ಆಕೆ ಬಾಗಿದಳು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಹಸಿರು ಹಾಗೇ ಇತ್ತು. ಹಿಂದಿನ ಗೂಡಿನಲ್ಲೂ ಹೀಗೇ ಇತ್ತು, ಅದರ ಹಿಂದಿನದರಲ್ಲೂ. "ಇದೆ. ಬರ್ಕೊಳ್ಳಿ."

ಮೇಷ್ಟ್ರು ಬರೆಯಲಿಲ್ಲ. ಸನ್ನೆಯ ಹಿಡಿಯ ಮೇಲಿದ್ದ ಯಜಮಾನನ ಕೈ ಕೆಳಗಿಳಿಯಿತು. ಮೋಟಾರು ನಿಂತಿತು. ಇಪ್ಪತ್ತೆರಡು ವರ್ಷ ಇಂಥ ಕೋಣೆಗಳಲ್ಲಿ ನಿಂತವಳಿಗೆ ಬೇರೆಯವರು ಸುಮ್ಮನಾಗುವುದರ ಬಗೆ ತಿಳಿಯುತ್ತದೆ. ಇಷ್ಟು ವರ್ಷ ಆ ಬಗೆಯ ಮೌನದ ಮುಂದೆ ನಿಂತು ಬೆವರಿದವರು ಸ್ಥಾವರದವರು. ಇವತ್ತು ತಾನು.

"ಪಟ್ಟೀಲಿ ಏನಿದೆ?" ಎಂದು ಕೇಳಿದಳು.

"ಡಮ್ಮಿ ಅಂತ ಇದೆ ಮೇಡಂ."

ಯಜಮಾನ ಮೆಲ್ಲಗೆ ಗಂಟಲು ಸರಿ ಮಾಡಿಕೊಂಡ. "ನಾನೇ ಇಟ್ಟಿದ್ದು. ಹೋದ ತಿಂಗಳು. ಎತ್ತೋ ಕೊಕ್ಕೆ ಸರಿಯಾಗಿ ಹಿಡಿಯತ್ತಾ ಅಂತ ನೋಡಕ್ಕೆ. ಕಾಗದದಲ್ಲೂ ಬರ್ದಿದೀವಿ."

ಸ್ಥಾವರದವರು ಕದ್ದದ್ದಿಲ್ಲ, ಮುಚ್ಚಿಟ್ಟದ್ದಿಲ್ಲ. ಡಮ್ಮಿಯನ್ನು ಡಮ್ಮಿ ಎಂದೇ ಬರೆದುಕೊಟ್ಟಿದ್ದರು. ನೋಡಲು ಬಂದವಳು ಅದನ್ನು ಬೆಳಗುತ್ತಿದೆ ಎಂದಿದ್ದಳು. ಎರಡು ಸಲ.

"ಟಾರ್ಚಿನ ಸೆಲ್ಲು ಹೋಗಿದೆ. ಹತ್ತು ನಿಮಿಷ, ಬದಲಾಯಿಸ್ಕೊಂಡು ಬರ್ತೀನಿ," ಎಂದ ಮೇಷ್ಟ್ರು. ಟಾರ್ಚು ಚೆನ್ನಾಗಿಯೇ ಉರಿಯುತ್ತಿತ್ತು. ಹಲಗೆಯನ್ನು ಆಕೆಯ ಕೈಗೆ ಕೊಟ್ಟು ಏಣಿ ಇಳಿದು ಹೋದ. ಯಜಮಾನ ದೀಪ ಹಾಕಿಸಿದ.

ಸೇತುವೆಯ ಮೇಲೆ ಇಬ್ಬರೇ ಉಳಿದರು. ಆಕೆ ಕಂಬಿಗೆ ಆತುಕೊಂಡಳು. ಅಲ್ಲಿ ಕೂರಲು ಏನೂ ಇರಲಿಲ್ಲ.

"ಅಕ್ಕಾ," ಎಂದ ಯಜಮಾನ. "ನೀರು ಕದಡಿತ್ತು ಅಂತ ಬರೀರಿ."

ಆಕೆ ತಿರುಗಿ ನೋಡಿದಳು.

"ಮೂರನೇ ಕಾಲಂ ಇದ್ಯಲ್ಲ. ಇದೆ, ಇಲ್ಲ, ಆಮೇಲೆ ನೋಡಲಾಗಲಿಲ್ಲ. ಅದಕ್ಕೆ ಗುರುತು ಹಾಕಿ. ಕಾರಣ, ನೀರು. ಮುಗೀತು. ಹದಿನೈದು ದಿನ ಬಿಟ್ಟು ಬೇರೆ ಯಾರಾದ್ರೂ ಬಂದು ನೋಡ್ಕೋತಾರೆ. ಅಷ್ಟರಲ್ಲಿ ನೀವು ಕಣ್ಣು ಮಾಡಿಸ್ಕೊಂಡುಬಿಡಿ."

"ನಿಂಗೆ ಯಾವಾಗ ಗೊತ್ತಾಯ್ತು?"

"ಹೋದ ಸಲ. ಈ ಏಣಿ ಇಳಿದು ಮುಗಿದ ಮೇಲೂ ಇನ್ನೊಂದು ಮೆಟ್ಟಿಲು ಇದೆ ಅಂತ ಕಾಲು ಹಾಕಿದ್ರಿ."

"ಹೇಳ್ಬೋದಿತ್ತಲ್ಲ."

"ಎಣಿಸಕ್ಕೆ ಬಂದೋರಿಗೆ ನಿಮ್ಮ ಕಣ್ಣು ಸರಿಯಿಲ್ಲ ಅಂತ ನಾನು ಹೇಳ್ಲಾ? ಈ ಮನುಷ್ಯ ಏನೋ ಮುಚ್ಚಿಡ್ತಿದಾನೆ ಅಂತ ಬರ್ಕೊಂಡು ಹೋಗಲ್ವಾ ನೀವು?"

ಆಕೆಗೆ ಆ ಸುಸ್ತಿನಲ್ಲೂ ನಗು ಬಂತು. ಬರೆದುಕೊಂಡು ಹೋಗುತ್ತಿದ್ದಳು, ನಿಜ.

"ನಿನ್ನ ನೀರಿಗೆ ಹೆಸರು ಕೆಡಲ್ವೇನೋ?"

"ನೀರಿಗೇನು ಅಕ್ಕಾ. ನಾಳೆ ಮತ್ತೆ ತಿಳಿಯಾಗತ್ತೆ."

ಅವನು ಎಷ್ಟು ಹಗುರಾಗಿ ಹೇಳಿದನೋ ಅಷ್ಟು ಹಗುರದ ಮಾತಲ್ಲ ಅದು. ಈ ಕೊಳದ ತಳದಲ್ಲಿ ಮೇಲೆ ನಿಂತೇ ತಿರುಪಿನ ತಲೆಗಳನ್ನು ಎಣಿಸಬಹುದು ಎಂದು ಬಂದವರಿಗೆಲ್ಲ ತೋರಿಸುವವನು ಅವನು. ಬೇರೆ ಸ್ಥಾವರದವರು ಬಂದು ಅವನ ನೀರು ನೋಡಿ ಹೋಗಿದ್ದರು. ಕದಡಿತ್ತು ಎಂದು ಎಣಿಕೆಯಮ್ಮ ಬರೆದರೆ ಮ್ಯಾನೇಜರಿಗೆ ಪತ್ರ ಬರುತ್ತದೆ, ಯಾಕೆ ಕದಡಿತ್ತು ಎಂದು ವಿಚಾರಣೆ ಆಗುತ್ತದೆ, ಹನ್ನೊಂದು ವರ್ಷದ ಕಡತದಲ್ಲಿ ಮೊದಲ ಕೆಂಪು ಗೆರೆ ಬೀಳುತ್ತದೆ. ಅದೆಲ್ಲ ತಿಳಿದೇ ಅವನು ಹೇಳಿದ್ದ.

ಆಕೆ ಪೆನ್ನು ತೆಗೆದಳು. ಮೂರನೇ ಕಾಲಮ್ಮಿನಲ್ಲಿ ಈವರೆಗೆ ಒಂದು ಗುರುತನ್ನೂ ಹಾಕಿದವಳಲ್ಲ. ಕೆಳಗೆ ನೋಡಿದಳು. ದೀಪ ಹಾಕಿದ್ದರೂ ಕೊಳ ಆಕೆಗೆ ಹಾಲು ಬೆರೆಸಿದ ನೀರಿನ ಹಾಗೆ ಕಂಡಿತು. ಒಂದು ವರ್ಷದಿಂದ ಎಲ್ಲ ನೀರೂ ಹೀಗೇ ಕಂಡಿತ್ತು. ಕದಡಿತ್ತು ಎಂದು ಬರೆದರೆ ತನ್ನ ಮಟ್ಟಿಗೆ ಪೂರ್ತಿ ಸುಳ್ಳೂ ಅಲ್ಲ ಎಂದು ಮನಸ್ಸು ಮೆಲ್ಲಗೆ ಹೇಳಿಕೊಟ್ಟಿತು. ಬರೆದರೆ ಇವತ್ತು ಮಧ್ಯಾಹ್ನವೇ ಗೆಸ್ಟ್‌ಹೌಸಿಗೆ ಹೋಗಿ ಮಲಗಬಹುದು.

ಆದರೆ ನೀರು ಕದಡಿದ್ದು ಇವತ್ತೊಂದೇ ದಿನದ ಮಾತಾಗುತ್ತದೆ. ಹೋದ ಸುತ್ತಿನಲ್ಲಿ ಇದೇ ಕೊಳಕ್ಕೆ ಇನ್ನೂರ ಅರವತ್ತನಾಲ್ಕು ಸಲ ಇದೆ ಎಂದಿದ್ದಳು. ನಡುವೆ ಬೇರೆ ಎರಡು ಕೊಳ. ಆಗ ಜೊತೆಗಿದ್ದವರು ಬರೆದುಕೊಂಡಿದ್ದರು, ಅಷ್ಟೆ. ಆ ಹಾಳೆಗಳು ಕಚೇರಿಯ ಕಪಾಟಿನಲ್ಲಿ ನಿಜವೆಂದೇ ಕೂತಿವೆ. ಅಲ್ಲಿ ಏನೂ ಕಾಣೆಯಾಗಿರಲಿಕ್ಕಿಲ್ಲ. ಇರಲಿಕ್ಕಿಲ್ಲ ಅನ್ನುವುದಕ್ಕೆ ಯಾರೂ ಅಷ್ಟು ದೂರದಿಂದ ಬಂದು ಬೆಂಚು ದಾಟಬೇಕಾಗಿರಲಿಲ್ಲ.

ಮೇಷ್ಟ್ರು ವಾಪಸು ಬಂದು ಏಣಿಯ ಬುಡದಲ್ಲಿ ನಿಂತ.

"ಹತ್ತಿ ಬನ್ನಿ ಮೇಷ್ಟ್ರೇ," ಎಂದಳು. ಅವನು ಹತ್ತಿ ಬರುವಷ್ಟರಲ್ಲಿ ಬರೆಯಲು ಶುರು ಮಾಡಿದ್ದಳು. ಗೆರೆ ಕಾಣದ್ದರಿಂದ ಅಕ್ಷರ ದಪ್ಪ ದಪ್ಪವಾಗಿ, ಮೇಲೆ ಕೆಳಗೆ ಹೋಗಿತ್ತು. ಒಂದನೇ ಸಾಲಿನಿಂದ ಒಂಬತ್ತನೇ ಸಾಲಿನವರೆಗೆ: ನೋಡಲಾಗಲಿಲ್ಲ. ಕಾರಣ: ನೋಡಿದವಳ ಎರಡೂ ಕಣ್ಣಿಗೆ ಪೊರೆ. ನೀರಿನ ಸ್ಥಿತಿ: ತಿಳಿ.

ಯಜಮಾನ ಎದುರು ನಿಂತೇ ತಲೆಕೆಳಗಾದ ಅಕ್ಷರಗಳನ್ನು ಓದಿ ಮುಖ ಆಚೆ ತಿರುಗಿಸಿಕೊಂಡ.

ಮೇಷ್ಟ್ರು ಎರಡು ಸಲ ಓದಿದ. ಪಾಠ ಶುರುವಾಗುತ್ತದೆ ಎಂದು ಆಕೆ ಕಾದಳು. ಅವನು ಹೇಳಿದ್ದು ಬೇರೆ. "ಮೇಡಂ, ಹದಿನೈದು ವರ್ಷ ನಿಮ್ಮ ವರದಿ ಓದಿದೀನಿ. ಪ್ರತಿ ಸಲ ಎರಡು ಮೂರು ಗೂಡಿನ ಮುಂದೆ 'ಅನುಮಾನ ಬಂತು, ಮತ್ತೆ ನೋಡಿದೆ' ಅಂತ ಬರೀತಿದ್ರಿ. ಹೋದ ವರ್ಷದಿಂದ ಅದು ನಿಂತುಹೋಗಿದೆ. ಕೈ ಇನ್ನಷ್ಟು ಪಳಗಿದೆ ಅಂದ್ಕೊಂಡೆ."

"ಕಾಣ್ತಿದ್ದಾಗ ಅನುಮಾನ ಬರ್ತಿತ್ತು ಮೇಷ್ಟ್ರೇ."

ಅವನು ತಲೆ ತಗ್ಗಿಸಿದ. "ಓದಿದೋನು ನಾನೂ ಕೇಳ್ಲಿಲ್ಲ."

"ಹೋದ ವರ್ಷದಿಂದ ನಾನು ನೋಡಿದ ಕೊಳ ಮೂರು. ಮೂರನ್ನೂ ಮತ್ತೆ ನೋಡ್ಬೇಕು ಅಂತ ಸಂಜೆ ಕೂತು ಪತ್ರ ಬರೆಯೋಣ. ಈಗ ದುರ್ಬೀನು ನೀವು ಹಾಕ್ಕೊಳ್ಳಿ. ಮೊದಲಿಂದ."

"ಮೊದಲಿಂದ ಅಂದ್ರೆ ನಾಳೇನೂ ಸೇತುವೆ ಬೇಕು," ಎಂದ ಯಜಮಾನ. "ಇವತ್ತು ಮಧ್ಯಾಹ್ನದಿಂದ್ಲೇ ಬೇರೆ ಕೆಲಸಕ್ಕೆ ಕೊಡ್ತೀನಿ ಅಂದಿದ್ದೆ. ಮ್ಯಾನೇಜರು ಹಾರಾಡ್ತಾರೆ."

"ನನ್ನ ಹೆಸರು ಹೇಳು."

"ಹೇಳ್ತೀನಿ. ಹೇಳಿ ನಾನು ಓಡಿಹೋಗ್ತೀನಿ, ನೀವು ಮಾತಾಡ್ಕೊಳ್ಳಿ."

ದೀಪಗಳು ಮತ್ತೆ ಆರಿದವು. ಮೇಷ್ಟ್ರು ಬಾಗಿದ. ಆಕೆ ಹಿಂದಿನಿಂದ ಅವನ ಬೆಲ್ಟು ಹಿಡಿದುಕೊಂಡಳು. ಹೊಸಬರನ್ನೆಲ್ಲ ಹಾಗೇ ಹಿಡಿದಿದ್ದಳು.

"ಕತ್ತು ಮಾತ್ರ ವಾಲಿಸ್ಬೇಡಿ. ಸೊಂಟದಿಂದ ವಾಲಿ. ಒಂದು ಗೇಣು. ಸಾಕು. ಏನು ಕಂಡ್ತು?"

"ಬೆಳಕು... ಹೋಯ್ತು. ವಾಪಸು ಬಂದೆ, ಬಂತು."

"ಹೇಗೆ ಹೋಯ್ತು?"

"ಯಾರೋ ಬಾಗಿಲು ಹಾಕಿದ ಹಾಗೆ."

"ಅದೇ. ಹಾಗಾದ್ರೆ ಏನು?"

"ಇದೆ."

ಆಕೆ ಬರೆದಳು. ಕೆಂಪು ಟಾರ್ಚನ್ನು ಕಾಗದಕ್ಕೆ ಮೂಗು ತಾಗುವಷ್ಟು ಹತ್ತಿರ ಹಿಡಿದು, ಗೆರೆಗೆ ಎಡಗೈ ಬೆರಳು ಇಟ್ಟುಕೊಂಡು ಬರೆದಳು. ಮೇಷ್ಟ್ರು ನಿಧಾನ. ಆಕೆಯಾದರೆ ಮೂರು ಗೂಡು ಮುಗಿಸುತ್ತಿದ್ದ ಹೊತ್ತಿನಲ್ಲಿ ಅವನು ಒಂದು ನೋಡುತ್ತಿದ್ದ. ಎರಡು ಸಲ ಅನುಮಾನ ಎಂದ. ಆಕೆ ಅನುಮಾನ ಎಂದು ಬರೆದು, ಮತ್ತೆ ನೋಡಿ ಎಂದಳು. ನಡುವೆ ಯಜಮಾನ ಮ್ಯಾನೇಜರಿಗೆ ಹೇಳಿ ಬಂದ. ಏನಂದರು ಎಂದು ಕೇಳಿದ್ದಕ್ಕೆ, "ಬೈಗುಳ ಬಿಟ್ಟು ಬೇರೇನೂ ಅನ್ಲಿಲ್ಲ," ಎಂದು ಸನ್ನೆಯ ಹಿಡಿ ಹಿಡಿದ.

ಸಂಜೆ ಐದರ ಸುಮಾರಿಗೆ ಒಂಬತ್ತನೇ ಸಾಲು ಬಂತು.

"ಒಂಬತ್ತು, ನಾಲ್ಕು," ಎಂದು ಆಕೆಯೇ ಕೂಗಿದಳು.

ಡಮ್ಮಿ ಎಂದು ಅವನಿಗೆ ಗೊತ್ತಿತ್ತು. ಆದರೂ ನೆಟ್ಟಗೆ ನಿಂತು ನೋಡಿದ, ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಬೆಲ್ಟು ಹಿಡಿದ ಆಕೆಯ ಕೈಗೆ ಅವನು ಉಸಿರು ಹಿಡಿದದ್ದು ತಿಳಿಯಿತು. "ಹೋಗಲ್ಲ ಮೇಡಂ. ಮಂಕಾಗಿ ಹಾಗೇ ಇದೆ. ಇಲ್ಲ."

ಆಕೆ ಇಲ್ಲ ಎಂದು ಬರೆದಳು. ಹನ್ನೆರಡನೇ ಗೂಡಿಗೆ ಸಾಲು ಮುಗಿಯಿತು. ಉಳಿದ ಹದಿಮೂರು ಸಾಲು ನಾಳೆಗೆ.

ಹೊರಗೆ ಹೋಗುವ ಮುಂಚೆ ಯಜಮಾನ ದಾರಗಳನ್ನು ಬಿಚ್ಚಿದ, ಕನ್ನಡಕದ್ದು, ಪೆನ್ನಿನದು. ಉಂಗುರದ ಮೇಲಿನ ಅಂಟುಪಟ್ಟಿ ಕಿತ್ತ. ಮೇಷ್ಟ್ರು ಅಲ್ಲೇ ಪಕ್ಕದಲ್ಲಿದ್ದ.

"ನಿಧಾನ ಅಕ್ಕಾ," ಎಂದ ಯಜಮಾನ. "ಬೆಂಚು ಇಲ್ಲಿದೆ."

ಆಕೆ ಕೂತಳು. ಒಳಗಿನ ಬೂಟು ಕಳಚಿ, ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಆಚೆ ಇಟ್ಟಳು. ಇನ್ನೊಂದನ್ನು ಎತ್ತುವ ಮೊದಲು ಸ್ವಲ್ಪ ಹೊತ್ತು ಹಾಗೇ ಇದ್ದಳು. ಒಳಗೆ ಬರುವಾಗ ಹೊರಗಿನ ಪೆಟ್ಟಿಗೆಯಲ್ಲಿಟ್ಟಿದ್ದ ಫೋನನ್ನು ಮೇಷ್ಟ್ರು ತಂದು ಕೈಗೆ ಕೊಟ್ಟ. ಗುಂಡಿ ಒತ್ತಿ ಕಿವಿಗಿಟ್ಟುಕೊಂಡಳು.

"ರೀ, ಡಾಕ್ಟರಿಗೆ ಹೇಳಿ. ಬರೋ ವಾರ ಯಾವತ್ತಾದ್ರೂ ಸರಿ."

ಗಂಡ ಕೇಳಿದ, "ಏನಾಯ್ತೇ?"

"ಏನೂ ಆಗಿಲ್ಲ. ಕಾಲು ನೋಯ್ತಿದೆ. ಮನೆಗೆ ಬಂದು ಹೇಳ್ತೀನಿ."

"ಮೊದಲು ಯಾವ ಕಣ್ಣು ಅಂತ ಕೇಳಿದ್ರೆ?"

"ಎಡಗಣ್ಣು," ಎಂದು ಹೇಳಿ, ಇನ್ನೊಂದು ಕಾಲನ್ನು ಎತ್ತಿಕೊಂಡಳು.